ಯಂತ್ರದ ಕೈಗೆ ಕೊಟ್ಟ ಕೀಲಿ

(ಜವಳಗೇರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಮ್ಮ ಜಿಲ್ಲೆಯ ದತ್ತಿ ಉಪನ್ಯಾಸಗಳಲ್ಲಿ ದಾಸಸಾಹಿತ್ಯದ ಮೇಲೆ, ವಚನದ ಮೇಲೆ, ನೀರಾವರಿಯ ಮೇಲೆ ಮಾತಾಡಿದವರು ಬಹಳ ಮಂದಿ. ಮಾನ್ವಿಯ ಜಗನ್ನಾಥದಾಸರ ನೆಲದಲ್ಲಿ ನಿಂತು ಕಂಪ್ಯೂಟರ್ ಕೀಲಿಗಳ ಬಗ್ಗೆ ಮಾತಾಡುತ್ತೇನೆಂದಾಗ ಸಂಘಟಕರು ಒಂದು ಕ್ಷಣ ಸುಮ್ಮನಾದರು, ಆಮೇಲೆ ಒಪ್ಪಿದರು. ಅವರಿಗೆ ನಾನು ಹೇಳಿದ ಕಾರಣ ಇಷ್ಟೆ. ಈ ಭಾಗದ ಮನೆಮನೆಯಿಂದ ಮಕ್ಕಳು ಬೆಂಗಳೂರಿಗೆ, ಹೈದರಾಬಾದಿಗೆ ಹೋಗಿ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಅದೇ ಸಾಫ್ಟ್‌ವೇರ್ ತಿರುಗಿ ಇಲ್ಲಿಗೇ ಬರುತ್ತದೆ. 2000ದ ಸುಮಾರಿಗೆ ಭೂಮಿ ಯೋಜನೆ ಬಂದಾಗಿನಿಂದ ನಮ್ಮ ಪಹಣಿ ಕಂಪ್ಯೂಟರಿನಲ್ಲಿದೆ. ಈಗ ನೋಂದಣಿ, ಬೆಳೆವಿಮೆ, ಗೊಬ್ಬರದ ಅಂಗಡಿಯ ಹೆಬ್ಬೆಟ್ಟಿನ ಯಂತ್ರ, ಸೊಸೈಟಿಯ ಸಾಲದ ಲೆಕ್ಕ ಎಲ್ಲವೂ ಅಲ್ಲೇ ಇವೆ. ಇಂಥ ಸಾಫ್ಟ್‌ವೇರ್ ತಯಾರಾಗುವ ಜಾಗದಲ್ಲಿ ಭದ್ರತೆ ಹೇಗಿದೆ ಎಂಬುದು ಬೆಂಗಳೂರಿನ ಎಂಜಿನಿಯರಿಗೆ ಎಷ್ಟು ಸಂಬಂಧಪಟ್ಟದ್ದೋ ಇಲ್ಲಿನ ಎಡದಂಡೆ ಕಾಲುವೆಯ ಕೊನೇ ಭಾಗದ ರೈತನಿಗೂ ಅಷ್ಟೇ ಸಂಬಂಧಪಟ್ಟದ್ದು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಇಂದು ಸಾಫ್ಟ್‌ವೇರನ್ನು ಕಟ್ಟುವುದು ಮನುಷ್ಯರಲ್ಲ, ಯಂತ್ರ. ಆ ಯಂತ್ರಕ್ಕೆ ನಾವು ಖಾಸಗಿ ಕೋಡಿನ ಕೀಲಿ ಕೊಟ್ಟಿದ್ದೇವೆ. ಕೆಲಸ ನಡೆಯುವ ಹೊತ್ತಿಗೆ, ಆ ಕೆಲಸಕ್ಕೆ ಬೇಕಾದಷ್ಟೇ ಕೀಲಿ ಕೊಡಬೇಕು, ಇಟ್ಟುಕೊಳ್ಳಲು ಕೊಡಬಾರದು.

ಮೊದಲು ಆ ಯಂತ್ರ ಮಾಡುವುದೇನು ಎಂದು ನೋಡೋಣ. ಕೋಡ್ ಬರೆಯುವವಳು ತನ್ನ ಬದಲಾವಣೆಯನ್ನು ಗಿಟ್‌ಹಬ್, ಗಿಟ್‌ಲ್ಯಾಬ್, ಬಿಟ್‌ಬಕೆಟ್‌ನಂಥ ಕಡೆ ಇರುವ ಕೋಡಿನ ಉಗ್ರಾಣಕ್ಕೆ, ಅಂದರೆ ರೆಪೊಸಿಟರಿಗೆ (ರೆಪೊಗೆ) ಸೇರಿಸುತ್ತಾಳೆ. ಸೇರಿಸಿದ ಕೂಡಲೇ ಬೇರೊಂದು ಸರ್ವರ್ ಎಚ್ಚೆತ್ತು ಆ ಕೋಡನ್ನು ಇಳಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ನೂರಾರು ಲೈಬ್ರರಿಗಳನ್ನು ತರುತ್ತದೆ, ಪರೀಕ್ಷೆ ನಡೆಸುತ್ತದೆ, ಎಲ್ಲವನ್ನೂ ಒಂದು ಕಂಟೇನರ್ ಇಮೇಜ್ ಆಗಿ ಕಟ್ಟಿ ಇಮೇಜುಗಳನ್ನು ಇಡುವ ರಿಜಿಸ್ಟ್ರಿಗೆ ಕಳಿಸುತ್ತದೆ. ಅಲ್ಲಿಂದ ಅದು ಯಾವ ಸರ್ವರಿಗಾದರೂ ಹೋಗಿ ಇದ್ದ ಹಾಗೇ ಓಡುತ್ತದೆ. 2013ರಲ್ಲಿ ಡಾಕರ್ ಎಂಬ ಸಲಕರಣೆ ಬಂದ ಮೇಲೆ ಈ ಪದ್ಧತಿ ಲೋಕವನ್ನೆಲ್ಲ ಹಿಡಿಯಿತು. ದಿನಕ್ಕೆ ಹತ್ತಾರು ಸಲ, ರಾತ್ರಿ ಎರಡು ಗಂಟೆಗೂ, ಯಾರೂ ನೋಡದಿರುವಾಗಲೂ ಈ ಕಟ್ಟುವ ಕೆಲಸ, ಅಂದರೆ ಬಿಲ್ಡ್, ನಡೆಯುತ್ತಿರುತ್ತದೆ. ಕೋಡ್ ಎಲ್ಲರಿಗೂ ತೆರೆದದ್ದಾಗಿದ್ದರೆ ತೊಡಕಿಲ್ಲ. ಖಾಸಗಿಯಾಗಿದ್ದರೆ ಯಂತ್ರ ತಾನು ಯಾರೆಂದು ತೋರಿಸಬೇಕು. ಅದಕ್ಕಾಗಿ ಎಸ್‌ಎಸ್‌ಎಚ್ ಕೀಲಿಯನ್ನೋ ಟೋಕನ್ನನ್ನೋ ಅದರ ಬಳಿ ಇಡುತ್ತಾರೆ. ನಮ್ಮ ವಿಷಯ ಆ ಒಂದು ಸಾಲಿನ ಅಕ್ಷರಮಾಲೆ.

ಅದರ ಬೆಲೆ ಎಷ್ಟೆಂದು ಲೋಕಕ್ಕೆ ಚೆನ್ನಾಗಿ ಗೊತ್ತಾದದ್ದು 2019ರ ಏಪ್ರಿಲ್ 25ರಂದು. ಡಾಕರ್ ಹಬ್ ಎಂಬ ರಿಜಿಸ್ಟ್ರಿಯ ಒಂದು ಡೇಟಾಬೇಸಿಗೆ ಹೊರಗಿನವರು ಹೊಕ್ಕಿದ್ದು ಅಂದು ಪತ್ತೆಯಾಯಿತು. ಸುಮಾರು 1,90,000 ಖಾತೆಗಳ ಮಾಹಿತಿ ಬಯಲಾಗಿತ್ತು. ಹಬ್‌ನ ಒಟ್ಟು ಬಳಕೆದಾರರಲ್ಲಿ ಅದು ಶೇ 5ಕ್ಕಿಂತ ಕಡಿಮೆ. ಬಳಕೆದಾರರ ಹೆಸರು, ಹ್ಯಾಶ್ ಮಾಡಿದ ಪಾಸ್‌ವರ್ಡ್ ಹೋದವು ಎನ್ನುವುದು ದೊಡ್ಡ ಸುದ್ದಿಯಾಯಿತು. ನಿಜವಾಗಿ ನಡುಕ ಹುಟ್ಟಿಸುವ ಸಂಗತಿ ಅದಲ್ಲ. ತಾನೇ ತಾನಾಗಿ ಬಿಲ್ಡ್ ಮಾಡುವ ಸೌಲಭ್ಯಕ್ಕಾಗಿ ಕೆಲವು ಬಳಕೆದಾರರು ಅಲ್ಲಿ ಇಟ್ಟಿದ್ದ ಗಿಟ್‌ಹಬ್ ಮತ್ತು ಬಿಟ್‌ಬಕೆಟ್ ಟೋಕನ್‌ಗಳೂ ಅದರಲ್ಲಿದ್ದವು. ಕಂಪನಿಯ ಸ್ವಂತ ಕಂಪ್ಯೂಟರುಗಳಿಗೆ ಎಷ್ಟೇ ಕಾವಲಿರಲಿ, ಅದರ ಕೋಡನ್ನು ತೆರೆಯುವ ಟೋಕನ್ ಇದ್ದದ್ದು ಇನ್ನೊಬ್ಬರ ಡೇಟಾಬೇಸಿನಲ್ಲಿ. ಡಾಕರ್ ಸಂಸ್ಥೆ ಆ ಟೋಕನ್‌ಗಳನ್ನು ರದ್ದುಮಾಡಿತು. ಬಳಕೆದಾರರು ತಮ್ಮ ರೆಪೊಗಳನ್ನು ಮತ್ತೆ ಜೋಡಿಸಬೇಕಾಯಿತು, ಹಿಂದಿನ ದಿನಗಳ ಲಾಗ್ ತೆಗೆದು ಅನುಮಾನದ ಪ್ರವೇಶ ನಡೆದಿದೆಯೇ ಎಂದು ನೋಡಬೇಕಾಯಿತು.

ಮೂರು ವರ್ಷದ ಮೇಲೆ, 2022ರ ಏಪ್ರಿಲ್‌ನಲ್ಲಿ, ಇದೇ ಬೇರೆ ರೂಪದಲ್ಲಿ ನಡೆಯಿತು. ಹೆರೋಕು ಮತ್ತು ಟ್ರಾವಿಸ್ ಸಿಐ ಎಂಬ ಎರಡು ಸೇವೆಗಳಿಗೆ ಕೊಟ್ಟಿದ್ದ ಟೋಕನ್‌ಗಳನ್ನು ಕದ್ದವರು ಹತ್ತಾರು ಸಂಸ್ಥೆಗಳ ಖಾಸಗಿ ರೆಪೊಗಳನ್ನು ಇಳಿಸಿಕೊಂಡರು. ಅಲ್ಲಿ ಅವರಿಗೆ ಬೇಕಿದ್ದದ್ದು ಕೋಡ್ ಮಾತ್ರವಲ್ಲ. ಖಾಸಗಿ ರೆಪೊ ಎಂದ ಮೇಲೆ ಯಾರು ನೋಡುತ್ತಾರೆ ಎಂದುಕೊಂಡು ನಾವು ಅದರೊಳಗೇ ಡೇಟಾಬೇಸಿನ ಪಾಸ್‌ವರ್ಡನ್ನೂ ಕ್ಲೌಡಿನ ಕೀಲಿಯನ್ನೂ ಬರೆದಿಟ್ಟಿರುತ್ತೇವೆ. ಒಂದು ಕೀಲಿ ಸಿಕ್ಕವನಿಗೆ ಉಳಿದವೂ ಅಲ್ಲೇ ಸಿಗುತ್ತವೆ.

ಈಗ ವಿದ್ಯಾರ್ಥಿಗಳಿಗಾಗಿ ಒಂದು ಸಂಗತಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಕಂಟೇನರ್ ಇಮೇಜನ್ನು ಹೇಗೆ ಕಟ್ಟಬೇಕೆಂದು ಹೇಳುವ ಕಡತಕ್ಕೆ ಡಾಕರ್‌ಫೈಲ್ ಎನ್ನುತ್ತಾರೆ. ಹೊಸಬರು ಬರೆಯುವ ಡಾಕರ್‌ಫೈಲಿನಲ್ಲಿ ಮೂರು ಸಾಲು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಕಾಪಿ: ಖಾಸಗಿ ಎಸ್‌ಎಸ್‌ಎಚ್ ಕೀಲಿಯನ್ನು ಇಮೇಜಿನೊಳಗೆ ನಕಲಿಸು. ಎರಡನೆಯದು ರನ್: ಆ ಕೀಲಿ ಬಳಸಿ ಗಿಟ್ ಕ್ಲೋನ್ ಮಾಡು, ಅಂದರೆ ಕೋಡನ್ನು ಇಳಿಸಿಕೊ. ಮೂರನೆಯದೂ ರನ್: ಕೀಲಿಯನ್ನು ಅಳಿಸು. ಬರೆದವನಿಗೆ ತಾನು ಜಾಗ್ರತೆ ವಹಿಸಿದ್ದೇನೆಂಬ ಸಮಾಧಾನ. ಆದರೆ ಇಮೇಜ್ ಎಂಬುದು ಪದರಗಳ ಸಾಲು. ಇಂಥ ಪ್ರತಿ ಸಾಲೂ ಒಂದೊಂದು ಹೊಸ ಪದರ ಸೇರಿಸುತ್ತದೆ, ಹಿಂದಿನ ಪದರವನ್ನು ಮುಟ್ಟುವುದಿಲ್ಲ. ಮೂರನೇ ಸಾಲು ಮಾಡುವುದು ಇಷ್ಟೇ: ಈ ಕಡತವನ್ನು ಇನ್ನು ಮುಂದೆ ತೋರಿಸಬೇಡ ಎಂಬ ಒಂದು ಗುರುತು ಹಾಕುವುದು. ಕೀಲಿ ಮೊದಲನೇ ಪದರದಲ್ಲಿ ಅಕ್ಷರವೂ ಅಳಿಯದೆ ಕೂತಿರುತ್ತದೆ. ಇಮೇಜ್ ಸಿಕ್ಕವರು ಡಾಕರ್ ಸೇವ್ ಎಂದು ಅದನ್ನು ಒಂದು ಟಾರ್ ಕಡತವಾಗಿ ಇಳಿಸಿ, ಬಿಚ್ಚಿ, ಒಂದೊಂದೇ ಪದರ ತೆರೆದರೆ ಸಾಕು. ಯಾವ ಪಾಂಡಿತ್ಯವೂ ಬೇಡ.

ಕೀಲಿಯ ಬದಲು ಟೋಕನ್ನನ್ನು ಬಿಲ್ಡ್ ಆರ್ಗ್ಯುಮೆಂಟ್ ಆಗಿ ಕೊಟ್ಟರೆ? ಅದೂ ಉಳಿಯುತ್ತದೆ. ಡಾಕರ್ ಹಿಸ್ಟರಿ ಎಂಬ ಆಜ್ಞೆ ಕೊಟ್ಟರೆ ಟೋಕನ್ ಸಮೇತ ಆ ಸಾಲು ತೆರೆಯ ಮೇಲೆ ಬರುತ್ತದೆ.

ಇದು ಎಲ್ಲೋ ಒಬ್ಬಿಬ್ಬರು ಮಾಡುವ ತಪ್ಪಲ್ಲ. ಜರ್ಮನಿಯ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಡಾಕರ್ ಹಬ್ ಮತ್ತು 8,076 ಬೇರೆ ರಿಜಿಸ್ಟ್ರಿಗಳಿಂದ ಪಡೆದ 3,37,171 ಇಮೇಜುಗಳನ್ನು ಅವರು ಜಾಲಾಡಿದರು. ಶೇ 8.5ರಷ್ಟು ಇಮೇಜುಗಳಲ್ಲಿ ಗುಟ್ಟಾಗಿ ಇರಬೇಕಾದದ್ದು ಬಯಲಲ್ಲಿತ್ತು: 52,107 ಖಾಸಗಿ ಕೀಲಿಗಳು, 3,158 ಎಪಿಐ ಗುಟ್ಟುಗಳು. ನನ್ನನ್ನು ಹೆಚ್ಚು ಕಾಡಿದ್ದು ಅವರ ಇನ್ನೊಂದು ಮಾತು. ಹೀಗೆ ಸೋರಿದ ಕೀಲಿಗಳನ್ನೇ ನಂಬಿ ಎರಡೂಮುಕ್ಕಾಲು ಲಕ್ಷ ಸರ್ವರುಗಳು ಆ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಕೆಲಸ ಮಾಡುತ್ತಿದ್ದವು.

ಪರಿಹಾರ ಹೊಸದೇನಲ್ಲ. 2018ರ ನವೆಂಬರಿನಲ್ಲಿ ಬಂದ ಡಾಕರ್ 18.09ರಲ್ಲೇ ಬಿಲ್ಡ್‌ಕಿಟ್ ಎಂಬ ಹೊಸ ಎಂಜಿನ್ ಮೂಲಕ ಎರಡು ದಾರಿ ಸಿಕ್ಕವು. ಮೊದಲನೆಯದರಲ್ಲಿ ಗುಟ್ಟಿನ ಕಡತ ಒಂದೇ ಒಂದು ರನ್ ಸಾಲಿನ ಅವಧಿಗೆ ಮಾತ್ರ ಮೆಮರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸಾಲು ಮುಗಿದ ಮೇಲೆ ಯಾವ ಪದರದಲ್ಲೂ ಅದರ ಗುರುತಿಲ್ಲ. ಎರಡನೆಯದರಲ್ಲಿ ಎಸ್‌ಎಸ್‌ಎಚ್ ಕೀಲಿ ಬಿಲ್ಡ್‌ನೊಳಗೆ ಬರುವುದೇ ಇಲ್ಲ. ಹೊರಗಿರುವ ಏಜೆಂಟ್ ಅದನ್ನು ಹಿಡಿದುಕೊಂಡಿರುತ್ತದೆ, ಒಳಗಿನವರು ಕೇಳಿದಾಗ ಸಹಿ ಮಾತ್ರ ಮಾಡಿ ಕೊಡುತ್ತದೆ. 2023ರ ಡಾಕರ್ 23ರಿಂದ ಬಿಲ್ಡ್‌ಕಿಟ್ ತಾನಾಗಿಯೇ ಜಾರಿಯಲ್ಲಿದೆ. ಹಾಗಿದ್ದೂ ಹಳೆಯ ಮೂರು ಸಾಲು ಸಾಯುತ್ತಿಲ್ಲ, ಏಕೆಂದರೆ ಹಳೆಯ ಡಾಕರ್‌ಫೈಲುಗಳನ್ನು ನಕಲು ಮಾಡುತ್ತ ಹೋಗುವುದು ನಮ್ಮ ವೃತ್ತಿಯ ರೂಢಿ. ಕಾಲೇಜಿನ ಪ್ರಾಜೆಕ್ಟಿನಲ್ಲೇ ಹೊಸ ರೂಢಿ ಹಾಕಿಸಿ ಎಂದು ಇಲ್ಲಿರುವ ಉಪನ್ಯಾಸಕರಲ್ಲಿ ಕೈಮುಗಿದು ಕೇಳುತ್ತೇನೆ.

ಆದರೆ ಇಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಸಹಿ ಮಾಡಿಕೊಡುವ ಏಜೆಂಟ್ ಕೇಳಿದವರು ಯಾರೆಂದು ನೋಡುವುದಿಲ್ಲ. ಅದೇ ರನ್ ಸಾಲಿನಲ್ಲಿ ಗಿಟ್ ಕ್ಲೋನ್ ಜೊತೆಗೆ ಲೈಬ್ರರಿಗಳನ್ನು ತರುವ ಎನ್‌ಪಿಎಂ ಇನ್‌ಸ್ಟಾಲ್ ಕೂಡ ಇದ್ದರೆ, ಎಲ್ಲಿಂದಲೋ ಬಂದ ಲೈಬ್ರರಿಯ ಸ್ಕ್ರಿಪ್ಟಿಗೂ ಆ ಏಜೆಂಟ್ ಸಿಗುತ್ತದೆ. ಆದ್ದರಿಂದ ಕೋಡ್ ತರುವ ಹೆಜ್ಜೆ ಬೇರೆ, ತಂದ ಕೋಡನ್ನು ಓಡಿಸುವ ಹೆಜ್ಜೆ ಬೇರೆ ಇರಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು, ಬಿಲ್ಡ್ ಶುರುವಾಗುವ ಮೊದಲೇ ಹೊರಗೆ ಕ್ಲೋನ್ ಮುಗಿಸಿ, ಕಂಟೇನರ್ ಬಿಲ್ಡಿಗೆ ಬರೀ ಕಡತಗಳನ್ನು ಕೊಡುವುದು. ಆಗ ಅದಕ್ಕೆ ಕೀಲಿಯೇ ಬೇಡ. ಹಾಗೆಯೇ ಬಿಲ್ಡ್ ಕೆಲಸಕ್ಕೆ ಹೋಸ್ಟ್ ಯಂತ್ರದ ಡಾಕರನ್ನು ನಡೆಸುವ ಸಾಕೆಟ್ಟನ್ನು ಒಳಗೆ ಕೊಡುವ ಅಭ್ಯಾಸ ನಿಲ್ಲಬೇಕು. ಆ ಸಾಕೆಟ್ ಸಿಕ್ಕ ಕೋಡಿಗೆ ಇಡೀ ಯಂತ್ರದ ಒಡೆತನ ಸಿಕ್ಕಂತೆ. ಪಕ್ಕದ ಪ್ರಾಜೆಕ್ಟಿನ ಕೀಲಿಗಳೂ ಅದಕ್ಕೆ ಸಿಗುತ್ತವೆ.

ಇಮೇಜಿನಲ್ಲಿ ಉಳಿದುಹೋದ ಒಂದು ಕೀಲಿ ಎಷ್ಟು ದೂರ ಹೋಗಬಲ್ಲದು? ಕೋಡ್‌ಕವ್ ಎಂಬ ಅಮೆರಿಕದ ಸಂಸ್ಥೆ ಇದಕ್ಕೆ ಉತ್ತರ. ಅದರ ಡಾಕರ್ ಇಮೇಜ್ ತಯಾರಿಕೆಯಲ್ಲಿ ಆದ ಒಂದು ಲೋಪದಿಂದ ಕೀಲಿಯೊಂದು ಹೊರಗಿನವರಿಗೆ ಸಿಕ್ಕಿತು. ಅವರು ಅದನ್ನು ಬಳಸಿ, ಗ್ರಾಹಕರ ಬಿಲ್ಡ್ ಯಂತ್ರಗಳೆಲ್ಲ ಓಡಿಸುತ್ತಿದ್ದ ಬ್ಯಾಶ್ ಸ್ಕ್ರಿಪ್ಟ್ ಒಂದರಲ್ಲಿ ಒಂದು ಸಾಲು ಸೇರಿಸಿದರು. ಆ ಸಾಲು ಬಿಲ್ಡ್ ಯಂತ್ರದಲ್ಲಿದ್ದ ಗುಟ್ಟುಗಳನ್ನೆಲ್ಲ ಹೊರಗಿನ ಸರ್ವರಿಗೆ ಕಳಿಸುತ್ತಿತ್ತು. 2021ರ ಜನವರಿ 31ರಿಂದ ಏಪ್ರಿಲ್ 1ರವರೆಗೆ ಎರಡು ತಿಂಗಳು ಇದು ನಡೆಯಿತು. ಕೊನೆಗೆ ಒಬ್ಬ ಗ್ರಾಹಕ, ಇಳಿಸಿಕೊಂಡ ಸ್ಕ್ರಿಪ್ಟಿನ ಚೆಕ್‌ಸಮ್ ಪ್ರಕಟವಾದ ಚೆಕ್‌ಸಮ್ಮಿಗೆ ತಾಳೆಯಾಗದ್ದನ್ನು ಗಮನಿಸಿದಾಗ ವಿಷಯ ಹೊರಬಿತ್ತು. ಹಾಶಿಕಾರ್ಪ್‌ನಂಥ ದೊಡ್ಡ ಸಂಸ್ಥೆ ತನ್ನ ಸಾಫ್ಟ್‌ವೇರಿಗೆ ಸಹಿ ಹಾಕುವ ಕೀಲಿಯನ್ನೇ ಬದಲಾಯಿಸಬೇಕಾಯಿತು. ತಾಳೆ ನೋಡಿದ ಆ ಒಬ್ಬರ ಶ್ರದ್ಧೆಗೆ ನಾನು ಮನಸಾರೆ ನಮಿಸುತ್ತೇನೆ.

2025ರ ಮಾರ್ಚಿನಲ್ಲಿ ಇನ್ನೂ ಚತುರವಾದ ದಾಳಿ ನಡೆಯಿತು. ಗಿಟ್‌ಹಬ್‌ನ ಬಿಲ್ಡ್ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ 23,000ಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ, ಯಾವ ಕಡತ ಬದಲಾಗಿದೆ ಎಂದು ಹೇಳುವ ಒಂದು ಪುಟ್ಟ ಸಲಕರಣೆಯ ಆವೃತ್ತಿ ಗುರುತುಗಳನ್ನು ಯಾರೋ ಕೆಟ್ಟ ಕೋಡಿನತ್ತ ತಿರುಗಿಸಿದರು. ಅದು ಮೆಮರಿಯಲ್ಲಿದ್ದ ಗುಟ್ಟುಗಳನ್ನು ಬಿಲ್ಡ್ ಲಾಗಿನಲ್ಲೇ ಮುದ್ರಿಸಿತು. ಲಾಗಿನಲ್ಲಿ ಗುಟ್ಟು ಕಂಡರೆ ನಕ್ಷತ್ರ ಹಾಕಿ ಮುಚ್ಚುವ ವ್ಯವಸ್ಥೆ ಇದೆ. ಅದನ್ನು ತಪ್ಪಿಸಲು ಬೇಸ್64 ಎಂಬ ರೂಪಕ್ಕೆ ಎರಡು ಸಲ ತಿರುಗಿಸಿ ಮುದ್ರಿಸಿತು. ಸಾರ್ವಜನಿಕ ರೆಪೊಗಳ ಲಾಗ್ ಯಾರು ಬೇಕಾದರೂ ಓದಬಹುದು. ಹೊರಗಿನ ಸಲಕರಣೆಯನ್ನು ಆವೃತ್ತಿಯ ಹೆಸರಿನಿಂದಲ್ಲ, ಕಮಿಟ್‌ನ ಪೂರ್ತಿ ಹ್ಯಾಶ್‌ನಿಂದಲೇ ಕರೆಯುತ್ತಿದ್ದವರಿಗೆ ತೊಂದರೆ ತಟ್ಟಲಿಲ್ಲ. ಅಪರಿಚಿತರು ಕೋಡಿನ ಬದಲಾವಣೆ ಸೂಚಿಸಿ ಕಳಿಸುವ ಪುಲ್ ರಿಕ್ವೆಸ್ಟಿನಲ್ಲೂ ಇದೇ ಎಚ್ಚರ ಬೇಕು. ಅವರ ಕೋಡನ್ನು ಪರೀಕ್ಷಿಸಬಹುದು, ಆದರೆ ಆ ಪರೀಕ್ಷೆ ನಡೆಯುವ ಕಡೆ ಒಂದೂ ಗುಟ್ಟು ಇರಬಾರದು.

ಕೀಲಿಯ ಆಯುಷ್ಯದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಜಸ್‌ಪೇ ಎಂಬ ಪಾವತಿ ಸಂಸ್ಥೆಯ ಸರ್ವರುಗಳಿಗೆ 2020ರ ಆಗಸ್ಟ್ 18ರಂದು ಹೊರಗಿನವರು ಹೊಕ್ಕರು. ಸುಮಾರು 3.5 ಕೋಟಿ ದಾಖಲೆಗಳು, ಕೆಲವು ಅಂಕಿ ಮುಚ್ಚಿದ ಕಾರ್ಡ್ ವಿವರಗಳು, ಸೋರಿದವು. ಸುದ್ದಿ ಹೊರಬಿದ್ದದ್ದು 2021ರ ಜನವರಿಯಲ್ಲಿ. ದಾಳಿಗೆ ದಾರಿಯಾದದ್ದು ಏನೆಂದು ಸಂಸ್ಥೆಯೇ ಹೇಳಿತು: ಬದಲಾಯಿಸದೆ ಉಳಿದಿದ್ದ ಹಳೆಯ ಒಂದು ಕ್ಲೌಡ್ ಕೀಲಿ. ಅದು ಬಿಲ್ಡ್ ಯಂತ್ರದ ಕೀಲಿ ಎಂದು ನಾನು ಹೇಳುತ್ತಿಲ್ಲ. ಕೀಲಿ ಹಳತಾದಷ್ಟೂ ಅದು ಎಲ್ಲೆಲ್ಲಿ ನಕಲಾಗಿದೆ ಎಂಬ ನೆನಪು ಯಾರಿಗೂ ಉಳಿಯುವುದಿಲ್ಲ. ಈ ಮಾತು ಎಲ್ಲ ಕೀಲಿಗೂ ಸಲ್ಲುತ್ತದೆ.

ಬಿಲ್ಡ್ ಸೇವೆಯೊಂದರಲ್ಲೇ ಇದು ಹೇಗೆ ಸಿಡಿಯಿತು ಎಂಬುದನ್ನು 2023ರ ಜನವರಿ 4ರಂದು ಸರ್ಕಲ್‌ಸಿಐ ಗ್ರಾಹಕರು ಕಂಡರು. ಆ ಸಂಸ್ಥೆಯ ಒಬ್ಬ ಎಂಜಿನಿಯರ್‌ನ ಲ್ಯಾಪ್‌ಟಾಪಿಗೆ ಡಿಸೆಂಬರಿನಲ್ಲಿ ಮಾಲ್‌ವೇರ್ ಹೊಕ್ಕಿತ್ತು. ಅದು ಲಾಗಿನ್ ಆಗಿದ್ದ ಸೆಷನ್ನನ್ನೇ ಕದ್ದಿದ್ದರಿಂದ ಎರಡು ಹಂತದ ಪರಿಶೀಲನೆ ಉಪಯೋಗಕ್ಕೆ ಬರಲಿಲ್ಲ. ಎಲ್ಲ ಗ್ರಾಹಕರಿಗೂ ಒಂದೇ ಸೂಚನೆ ಬಂತು: ನಮ್ಮಲ್ಲಿ ಇಟ್ಟ ಪ್ರತಿಯೊಂದು ಗುಟ್ಟನ್ನೂ ಈಗಲೇ ಬದಲಾಯಿಸಿ. ಯಾವ ಗುಟ್ಟು ಎಲ್ಲಿದೆ ಎಂದು ಪಟ್ಟಿ ಇಲ್ಲದವರ ಸ್ಥಿತಿ ಊಹಿಸಿಕೊಳ್ಳಿ.

ಇಂದು ಇದಕ್ಕೆ ಗಟ್ಟಿಯಾದ ಉತ್ತರವಿದೆ. ರೆಪೊಗೆ ಸೀಮಿತವಾದ ಡಿಪ್ಲಾಯ್ ಕೀಲಿ ಮೊದಲ ಮೆಟ್ಟಿಲು. ಅದು ಒಂದೇ ರೆಪೊವನ್ನು ತೆರೆಯುತ್ತದೆ, ನಾವಾಗಿ ಬದಲಾಯಿಸದಿದ್ದರೆ ಓದಲು ಮಾತ್ರ ಬಿಡುತ್ತದೆ. ಆದರೆ ತಾನಾಗಿ ಸಾಯುವುದಿಲ್ಲ. ಒಬ್ಬ ಉದ್ಯೋಗಿಯ ಸ್ವಂತ ಟೋಕನ್ನನ್ನು ಬಿಲ್ಡಿಗೆ ಕೊಡುವುದಕ್ಕಿಂತ ಅದು ನೂರು ಪಾಲು ವಾಸಿ. ಅದಕ್ಕಿಂತ ಮೇಲಿನದು ಗಿಟ್‌ಹಬ್ ಆ್ಯಪ್ ಕೊಡುವ, ಒಂದು ಗಂಟೆಗೆ ಮುಗಿಯುವ ಟೋಕನ್. 2021ರಿಂದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಓಐಡಿಸಿ ಎಂಬ ಕ್ರಮವೂ ಇದೆ. ಈ ರೆಪೊದ ಈ ಶಾಖೆಯ ಈ ಕೆಲಸ ನಾನು ಎಂದು ಬಿಲ್ಡ್ ಒಂದು ಸಹಿ ಮಾಡಿದ ಗುರುತು ತೋರಿಸುತ್ತದೆ, ಕ್ಲೌಡ್ ಅದನ್ನು ಪರಿಶೀಲಿಸಿ ಅಲ್ಪಾಯುಷಿ ಟೋಕನ್ ಕೊಡುತ್ತದೆ. ಎಲ್ಲೂ ಏನನ್ನೂ ಇಟ್ಟಿರುವುದಿಲ್ಲ, ಆದ್ದರಿಂದ ಕದಿಯುವಂಥದ್ದು ಬಹಳ ಕಡಿಮೆ.

ಇನ್ನು ಇದರ ಎರಡನೇ ಮಗ್ಗುಲು: ಹೊರಬಂದ ಇಮೇಜನ್ನು ನಂಬುವುದು ಹೇಗೆ? ಇದನ್ನು ಜವಳಗೇರಾದವರಿಗೆ ವಿವರಿಸುವುದು ಸುಲಭ. ಈ ಊರಿನ ಹೆಸರು ಹೊರಗಿನವರಿಗೆ ಗೊತ್ತಿರುವುದೇ ಕೇಂದ್ರ ಸರ್ಕಾರದ ಬೀಜೋತ್ಪಾದನಾ ಫಾರಂನಿಂದ. ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ 2014ರಲ್ಲಿ ರಾಷ್ಟ್ರೀಯ ಬೀಜ ನಿಗಮದಲ್ಲಿ ವಿಲೀನವಾದ ಮೇಲೂ ನೀವು ಅದನ್ನು ಫಾರಂ ಎಂದೇ ಕರೆಯುತ್ತೀರಿ. ತಳಿವರ್ಧಕ ಬೀಜಕ್ಕೆ ಬಂಗಾರದ ಹಳದಿ ಚೀಟಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ ಎಂದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಚೀಟಿಯ ಮೇಲೆ ಲಾಟ್ ಸಂಖ್ಯೆ ಇರುತ್ತದೆ, ಅವಧಿಯ ದಿನಾಂಕ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆ ಚೀಟಿ ಗೋದಾಮಿನಲ್ಲಿ ಕೂತು ಅಂಟಿಸಿದ್ದಲ್ಲ. ಬೆಳೆ ಹೊಲದಲ್ಲಿರುವಾಗಲೇ ಪರಿವೀಕ್ಷಕರು ಬಂದು ಬೆರಕೆ ಗಿಡ ಕಿತ್ತಿದ್ದಾರೆಯೇ, ಪಕ್ಕದ ಹೊಲ ಸಾಕಷ್ಟು ದೂರವಿದೆಯೇ ಎಂದು ನೋಡಿ ಹೋಗಿರುತ್ತಾರೆ.

ಸಾಫ್ಟ್‌ವೇರಿನಲ್ಲಿ ನಾವು ಬಹಳ ಕಾಲ ಚೀಟಿಯನ್ನಷ್ಟೇ ನೋಡಿದೆವು. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಸಂಸ್ಥೆಯ ಪ್ರಕರಣದಲ್ಲಿ ಚೀಟಿ ಅಸಲಿಯೇ ಆಗಿತ್ತು. ದಾಳಿಕೋರರು ಬಿಲ್ಡ್ ಯಂತ್ರದೊಳಗೇ ಕೂತು, ಕಂಪೈಲ್ ಆಗುವ ಕ್ಷಣದಲ್ಲಿ ಕೋಡಿನ ಕಡತವೊಂದನ್ನು ಬದಲಾಯಿಸುತ್ತಿದ್ದರು. ರೆಪೊದಲ್ಲಿ ಕೋಡ್ ಶುದ್ಧವಾಗಿತ್ತು, ಹೊರಬಂದದ್ದರ ಮೇಲೆ ಸಂಸ್ಥೆಯ ಅಸಲಿ ಸಹಿ ಇತ್ತು, ನಡುವೆ ವಿಷ ಸೇರಿತ್ತು. ಸುಮಾರು 18,000 ಗ್ರಾಹಕರಿಗೆ ಆ ಅಪ್‌ಡೇಟ್ ತಲುಪಿತು. ಅದಾದ ಮೇಲೆಯೇ ಹೊಲಕ್ಕೆ ಹೋಗಿ ನೋಡುವ ಪದ್ಧತಿ ಬಲವಾಗಿ ಬಂತು. ಯಾವ ಕಮಿಟ್‌ನಿಂದ, ಯಾವ ಯಂತ್ರದಲ್ಲಿ, ಯಾವ ಹೆಜ್ಜೆಗಳಿಂದ ಇಮೇಜ್ ತಯಾರಾಯಿತು ಎಂಬ ಹೇಳಿಕೆಗೆ ಬಿಲ್ಡ್ ವ್ಯವಸ್ಥೆಯೇ ಸಹಿ ಹಾಕಬೇಕು ಎನ್ನುವ ಸಾಲ್ಸಾ ಎಂಬ ಮಾನದಂಡವನ್ನು ಗೂಗಲ್ 2021ರಲ್ಲಿ ಮುಂದಿಟ್ಟಿತು. ಅದೇ ವರ್ಷ ಸಿಗ್‌ಸ್ಟೋರ್ ಎಂಬ ಮುಕ್ತ ಯೋಜನೆ, ದೀರ್ಘಕಾಲ ಕಾಪಾಡಬೇಕಾದ ಕೀಲಿಯೇ ಇಲ್ಲದೆ ಇಮೇಜಿಗೆ ಸಹಿ ಹಾಕುವ ದಾರಿ ತೋರಿಸಿತು. ಅಲ್ಲಿ ಸಹಿಯ ಪ್ರಮಾಣಪತ್ರದ ಆಯುಷ್ಯ ಕೆಲವೇ ನಿಮಿಷ, ಸಹಿ ಆದದ್ದರ ದಾಖಲೆ ಮಾತ್ರ ಎಲ್ಲರೂ ನೋಡಬಹುದಾದ ಲಾಗಿನಲ್ಲಿ ಉಳಿಯುತ್ತದೆ.

ನಮ್ಮ ದೇಶದ ನಿಯಮಗಳೂ ಈ ಕಡೆ ಬಂದಿವೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ದಂಡದ ಭಯಕ್ಕಿಂತ 6 ಗಂಟೆಯ ಮಾತು ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ಬಿಲ್ಡ್ ಲಾಗ್ ಇಲ್ಲದವರು 6 ಗಂಟೆಯಲ್ಲಿ ಏನು ಬರೆದು ಕಳಿಸುತ್ತಾರೆ?

ಕೀಲಿ ಸೋರಿದೆ ಎಂದು ತಿಳಿದಾಗ ಮಾಡಬೇಕಾದ ಕೆಲಸದ ಕ್ರಮವನ್ನು ಇಲ್ಲಿರುವ ಯುವಕರು ನೆನಪಿಡಬೇಕು. ಮೊದಲು ಕೀಲಿಯನ್ನು ರದ್ದುಮಾಡಿ. ಗಿಟ್ ಇತಿಹಾಸದಿಂದ ಅಳಿಸುವುದು, ಇಮೇಜ್ ತೆಗೆಯುವುದು, ಮೇಲಿನವರಿಗೆ ವಿವರಣೆ ಬರೆಯುವುದು ಆಮೇಲೆ. ಸಾರ್ವಜನಿಕ ರೆಪೊಗೆ ಬಿದ್ದ ಕ್ಲೌಡ್ ಕೀಲಿಯನ್ನು ನಿಮಿಷಗಳಲ್ಲೇ ಹೆಕ್ಕುವ ಬಾಟ್‌ಗಳಿವೆ. ನೀವು ಅಳಿಸುವ ಹೊತ್ತಿಗೆ ಅದು ಬೇರೆ ಕಡೆ ಇರುತ್ತದೆ. ಸೋರಿಸಿದ ಹುಡುಗನನ್ನು ಬೈಯುವುದರಿಂದ ಮುಂದಿನವನು ಮುಚ್ಚಿಡಲು ಕಲಿಯುತ್ತಾನೆ, ಅಷ್ಟೆ. ಬೇಗ ಹೇಳಿದವನನ್ನು ಮೆಚ್ಚಿಕೊಳ್ಳುವ ಹಿರಿಯರು ಇರುವ ಕಚೇರಿಯಲ್ಲಿ ಕೀಲಿ ಬೇಗ ಸಾಯುತ್ತದೆ.

ಕೊನೆಯದಾಗಿ, ಕೋಡ್ ಬರೆಯದವರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮಲ್ಲಿ ಸಹಕಾರ ಸಂಘದ ನಿರ್ದೇಶಕರಿದ್ದೀರಿ, ಶಾಲಾ ಆಡಳಿತ ಮಂಡಳಿಯವರಿದ್ದೀರಿ, ಎಪಿಎಂಸಿ ವ್ಯವಹಾರ ಬಲ್ಲವರಿದ್ದೀರಿ. ನಿಮ್ಮ ಸಂಸ್ಥೆಗೆ ಸಾಫ್ಟ್‌ವೇರ್ ಮಾಡಿಸುವಾಗ ಕರಾರುಪತ್ರದಲ್ಲಿ ಪರದೆಯ ಬಣ್ಣದ ಬಗ್ಗೆ ಎರಡು ಪುಟ ಇರುತ್ತದೆ, ಕೀಲಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ರೆಪೊ ಸಂಸ್ಥೆಯ ಹೆಸರಿನಲ್ಲೇ ಇರಬೇಕು, ಗುತ್ತಿಗೆದಾರನ ಸ್ವಂತ ಖಾತೆಯಲ್ಲಲ್ಲ ಎಂದು ಬರೆಸಿ. ಬಿಲ್ಡಿಗೆ ಕೊಟ್ಟ ಕೀಲಿಗಳ ಪಟ್ಟಿ, ಪ್ರತಿಯೊಂದರ ಅವಧಿ, ಅದು ಏನನ್ನು ತೆರೆಯುತ್ತದೆ ಎಂಬುದು ಸಂಘದ ಕಡತದಲ್ಲಿರಬೇಕು. ಗುತ್ತಿಗೆದಾರ ಬದಲಾದ ದಿನವೇ ಅವೆಲ್ಲ ರದ್ದಾಗಬೇಕು. ಆಯಿತು ಎಂಬ ಬಾಯಿಮಾತು ಒಪ್ಪಬೇಡಿ. ಹಳೆಯ ಕೀಲಿಯಿಂದ ನಿಮ್ಮೆದುರಿಗೇ ಒಮ್ಮೆ ಕ್ಲೋನ್ ಮಾಡಲು ಹೇಳಿ, ಪ್ರವೇಶ ನಿರಾಕರಣೆಯಾದ ಆ ಲಾಗನ್ನು ಮುದ್ರಿಸಿ ಕಡತಕ್ಕೆ ಹಚ್ಚಿ, ಆಮೇಲೆ ಕೊನೆಯ ಕಂತಿನ ಚೆಕ್ಕಿಗೆ ಸಹಿ ಮಾಡಿ.